ತಕರಾರಿದ್ದವರು ಮುಂದೆ ಬನ್ನಿ

ತನ್ನ ಮೈಮನಸ್ಸಿಗೆ ಮನುಷ್ಯ ತಾನೇ ಒಡೆಯ, ಇನ್ನೊಬ್ಬರಿಗೆ ಕೇಡಾಗದ ಹೊರತು ಸರ್ಕಾರ ಅವನ ತಂಟೆಗೆ ಹೋಗಕೂಡದು ಎಂದು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1859ರಲ್ಲೇ ಬರೆದಿಟ್ಟ. ನಮ್ಮ 1954ರ ವಿಶೇಷ ವಿವಾಹ ಕಾಯ್ದೆಯೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ: ಜಾತಿ ಬೇಡ, ಪುರೋಹಿತ ಬೇಡ, ಇಬ್ಬರು ವಯಸ್ಕರು ಒಪ್ಪಿದರಾಯಿತು. ಒಂದೇ ಒಂದು ಶಾಸ್ತ್ರ ಬಾಕಿ. ಊರಿನವರನ್ನು ಒಂದು ಮಾತು ಕೇಳಬೇಕು.

ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಹೆಸರು, ಮೊದಲು ಮದುವೆಯಾಗಿತ್ತೋ ಇಲ್ಲವೋ, ಕಸುಬು, ವಯಸ್ಸು, ವಾಸದ ವಿಳಾಸ, ಕಾಯಂ ವಿಳಾಸ, ಎಷ್ಟು ಕಾಲದ ವಾಸ, ಹೀಗೆ ಏಳು ಕಲಂ. ಅದರ ಪ್ರತಿಯನ್ನು ಕಚೇರಿಯಲ್ಲಿ ಎದ್ದು ಕಾಣುವ ಕಡೆ ಅಂಟಿಸುತ್ತಾರೆ. ನೋಟಿಸ್ ಪುಸ್ತಕವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ತಿರುವಿಹಾಕಬಹುದು. ಮನೆಯವರಿಗೆ ಹೆದರಿ ಬೇರೆ ಜಿಲ್ಲೆಗೆ ಓಡಿಬಂದವರಿಗೆ ಕೊರತೆಯಾಗದಿರಲೆಂದು ಕಾಯಂ ವಿಳಾಸದ ಜಿಲ್ಲೆಯ ಬೋರ್ಡಿಗೂ ಒಂದು ಪ್ರತಿ ಹೋಗುತ್ತದೆ. ಆಧಾರ್‌ನ ಮೊದಲ 8 ಅಂಕಿ ಮರೆಮಾಡುವ ಸೌಲಭ್ಯ ಕೊಟ್ಟ ಸರ್ಕಾರವೇ ಹುಡುಗಿಯ ಮನೆ ವಿಳಾಸವನ್ನು ಗೋಡೆಗೆ ಹಚ್ಚುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಜೋಡಿ ಲಿಖಿತವಾಗಿ ಕೇಳಿದರೆ ಮಾತ್ರ ನೋಟಿಸ್ ಪ್ರಕಟಿಸಿ ಎಂದು 2021ರಲ್ಲಿ ಅಲಹಾಬಾದ್ ಹೈಕೋರ್ಟೂ ಹೇಳಿತು. ಕಾಯ್ದೆಯ ಸಾಲು ಮಾತ್ರ ಕದಲಿಲ್ಲ.

ತಕರಾರಿಗೆ 30 ದಿನ ಅವಕಾಶ. ಗಂಡಿಗೆ 21, ಹೆಣ್ಣಿಗೆ 18 ಆಗಿಲ್ಲ, ಮೊದಲ ಸಂಗಾತಿ ಬದುಕಿದ್ದಾರೆ, ಮನಸ್ಸು ಸ್ಥಿಮಿತದಲ್ಲಿಲ್ಲ, ನಿಷಿದ್ಧ ನೆಂಟಸ್ತಿಕೆ ಇದೆ ಎಂಬಂಥ ಕಾರಣಗಳಷ್ಟೇ ನಡೆಯುತ್ತವೆ. ಜಾತಿ ಕೆಟ್ಟಿತು ಅಂದರೆ ನಡೆಯುವುದಿಲ್ಲ. ಆದರೆ ಅದಕ್ಕಾಗಿ ಬೋರ್ಡು ಓದಲು ಬಂದವರಿಗೆ ತಕರಾರು ಯಾಕೆ ಬೇಕು? ವಿಳಾಸ ಸಿಕ್ಕಿತಲ್ಲ!

ಯಾರಾದರೂ ತಕರಾರು ಹಾಕಿದರೆ ವಿಚಾರಣೆಗೆ ಮತ್ತೆ 30 ದಿನ. ದುರುದ್ದೇಶದ ತಕರಾರು ಎಂದು ಸಾಬೀತಾದರೆ ಹಾಕಿದವನು ಜೋಡಿಗೆ ಹೆಚ್ಚೆಂದರೆ 1000 ರೂಪಾಯಿ ತೆರಬೇಕು. 1954ರಲ್ಲಿ ಅದು ಭಾರೀ ದುಡ್ಡು. ಈಗ ಛತ್ರದ ಜನರೇಟರಿನ ಡೀಸೆಲ್‌ಗೂ ಸಾಲದು.

ಅದೇ ಒಂದೇ ಧರ್ಮದ ಜೋಡಿ ಸಪ್ತಪದಿ ತುಳಿದು ಬಂದು ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಣಿ ಕೇಳಲಿ, ಮುಂಗಡ ನೋಟಿಸೇ ಇಲ್ಲ. ಬಂಧುಬಳಗದ ಸಮೇತ ಬಂದವರನ್ನು ಸರ್ಕಾರ ಕಣ್ಣುಮುಚ್ಚಿ ನಂಬುತ್ತದೆ. ಬರೀ ವ್ಯಕ್ತಿಗಳಾಗಿ ಬಂದವರು ಮೂವರು ಸಾಕ್ಷಿ ಹುಡುಕಿಕೊಂಡು ತಿಂಗಳು ಕಾಯಬೇಕು. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಅದು ರದ್ದು. ಆಗ ಹೊಸ ನೋಟಿಸ್, ಎರಡೂ ಜಿಲ್ಲೆಗೆ ಮತ್ತೊಮ್ಮೆ ಡಂಗುರ.