ಅಗ್ನಿಶಾಮಕ ಠಾಣೆಗೆ ಬೇಕು ತನ್ನೂರಿನದೇ ಯೋಜನೆ

ಮಂಡ್ಯ ಜಿಲ್ಲೆಯ ನಮ್ಮ ಕಡೆ ಬೇಸಿಗೆ ಬಂತೆಂದರೆ ಹುಲ್ಲಿನ ಮೆದೆಗೋ ಕಬ್ಬಿನ ಗದ್ದೆಗೋ ಬೆಂಕಿ ಬಿದ್ದ ಸುದ್ದಿ ಬಾರದ ವಾರವಿರುವುದಿಲ್ಲ. ಅಗ್ನಿಶಾಮಕ ವಾಹನ ಬರುತ್ತದೆ, ಸಿಬ್ಬಂದಿ ಜೀವದ ಹಂಗು ತೊರೆದು ದುಡಿಯುತ್ತಾರೆ. ಅವರ ಧೈರ್ಯದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಸಾಮಾನ್ಯ ವಾಹನವೊಂದರಲ್ಲಿ ಇರುವುದು ಸುಮಾರು 4,500 ಲೀಟರ್ ನೀರು; ಪೈಪಿನ ಧಾರೆ ಜೋರಾಗಿ ಬಿಟ್ಟರೆ ಅದು ಕೆಲವೇ ನಿಮಿಷಗಳಲ್ಲಿ ಖಾಲಿ. ಆಮೇಲೆ ನೀರು ಎಲ್ಲಿಂದ ತರಬೇಕು? ತ್ರೀ ಫೇಸ್ ಕರೆಂಟ್ ಇಲ್ಲದ ಹೊತ್ತಾದರೆ ಪಕ್ಕದಲ್ಲೇ ಇರುವ ಕೊಳವೆ ಬಾವಿಯಿಂದಲೂ ಪ್ರಯೋಜನವಿಲ್ಲ, ಕೆರೆ ಏರಿಯ ಮೇಲೆ ಅಷ್ಟು ದೊಡ್ಡ ವಾಹನ ತಿರುಗಿಸಲು ಜಾಗವಿರುವುದಿಲ್ಲ, ಲೈನ್‌ಮನ್ ಫೋನ್ ನಂಬರು ಯಾರ ಬಳಿ ಇದೆಯೋ ಗೊತ್ತಿರುವುದಿಲ್ಲ. ಮೆದೆ ಹೊತ್ತಿ ಉರಿಯುತ್ತಿರುವಾಗ ಇದನ್ನೆಲ್ಲ ವಿಚಾರಿಸಿಕೊಂಡು ಓಡಾಡುವ ಸ್ಥಿತಿ ಬರಬಾರದು. ಯಾವ ಹಳ್ಳಿಯಲ್ಲಿ ನೀರು ಎಲ್ಲಿ ಸಿಗುತ್ತದೆ, ಯಾವ ದಾರಿಯಲ್ಲಿ ವಾಹನ ಹೋಗುತ್ತದೆ ಎಂಬುದು ಠಾಣೆಯ ಯೋಜನೆಯಲ್ಲಿ ಮೊದಲೇ ಬರೆದಿರಬೇಕು.

ನಾನೀಗ ನೆಲೆಸಿರುವ ಇಂಗ್ಲೆಂಡಿನಲ್ಲಿ ಪ್ರತಿ ಪ್ರದೇಶದ ಅಗ್ನಿಶಾಮಕ ಸಂಸ್ಥೆಯೂ ತನ್ನ ವ್ಯಾಪ್ತಿಯ ಅಪಾಯಗಳನ್ನು ಗುರುತಿಸಿ, ಕನಿಷ್ಠ ಮೂರು ವರ್ಷಗಳಿಗೆ ಅನ್ವಯಿಸುವ ಯೋಜನೆಯೊಂದನ್ನು ಸಿದ್ಧಪಡಿಸಿ, ಜನರ ಅಭಿಪ್ರಾಯ ಕೇಳಿದ ಮೇಲೆಯೇ ಪ್ರಕಟಿಸಬೇಕೆಂಬ ನಿಯಮವಿದೆ. ನಮ್ಮ ಮ್ಯಾಂಚೆಸ್ಟರ್ ಪ್ರದೇಶದಲ್ಲಿ 2017ರಿಂದ ಇದರ ಹೊಣೆ ಚುನಾಯಿತ ಮೇಯರ್ ಅವರದ್ದು. ಎಲ್ಲಿ ಎಷ್ಟು ವಾಹನ ಇರಬೇಕು, ಎಷ್ಟು ಹೊತ್ತಿಗೆ ತಲುಪಬೇಕು ಎಂಬಂಥ ಪ್ರಶ್ನೆಗಳು ಸಾರ್ವಜನಿಕ ಚರ್ಚೆಗೆ ಬರುತ್ತವೆ, ವಾಹನ ಕಡಿಮೆ ಮಾಡುವ ಮಾತು ಎದ್ದರೆ ಜನ ಎದ್ದು ನಿಂತು ಪ್ರಶ್ನಿಸುತ್ತಾರೆ. ಈ ಪಾರದರ್ಶಕತೆ ನನಗೆ ಬಹಳ ಹಿಡಿಸಿದೆ.

ಹಾಗೆಂದು ಅಲ್ಲಿನದ್ದೆಲ್ಲ ಸರಿಯಾಗಿದೆ ಎಂದು ಹೇಳುವುದು ಅನ್ಯಾಯವಾದೀತು. 2017ರ ಮೇ 22ರಂದು ಮ್ಯಾಂಚೆಸ್ಟರ್ ಅರೀನಾದಲ್ಲಿ ಬಾಂಬ್ ಸಿಡಿದು 22 ಮಂದಿ ಸತ್ತಾಗ, ಅರ್ಧ ಮೈಲಿ ದೂರದ ಠಾಣೆಯಲ್ಲಿದ್ದ ಸಿಬ್ಬಂದಿಗೆ ಸ್ಫೋಟದ ಸದ್ದೇ ಕೇಳಿಸಿತ್ತು. ಆದರೂ ಅಗ್ನಿಶಾಮಕ ತಂಡ ಸ್ಥಳಕ್ಕೆ ತಲುಪಿದ್ದು ಎರಡು ಗಂಟೆಗೂ ಹೆಚ್ಚು ಹೊತ್ತಾದ ಮೇಲೆ. ಪೊಲೀಸ್ ಅಧಿಕಾರಿಯೊಡನೆ ಸಂಪರ್ಕ ಸಿಗದೆ, ಸ್ಥಳ ಸುರಕ್ಷಿತವೋ ಅಲ್ಲವೋ ತಿಳಿಯದೆ, ತಂಡಗಳನ್ನು ಮೂರು ಮೈಲಿ ಆಚೆ ಸೇರಿಸಲಾಯಿತು. ಯೋಜನೆ ಇತ್ತು, ವಾಹನವೂ ಇತ್ತು. ಮುಂದೆ ಹೋಗಿ ಎಂದು ಸಕಾಲದಲ್ಲಿ ಹೇಳುವ ನಾಯಕತ್ವ ಇರಲಿಲ್ಲ. ತನಿಖಾ ವರದಿಗಳು ಇದನ್ನು ಮುಚ್ಚಿಡದೆ ಜನರ ಮುಂದಿಟ್ಟವು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಕರ್ನಾಟಕದಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ರಾಜ್ಯದ ಗೃಹ ಇಲಾಖೆಯ ಅಡಿಯಲ್ಲಿದೆ. 1964ರ ಕಾಯ್ದೆಯೇ ಅದರ ಬುನಾದಿ. ಸಂವಿಧಾನದ 12ನೇ ಅನುಸೂಚಿ ಅಗ್ನಿಶಾಮಕ ಸೇವೆಯನ್ನು ನಗರಾಡಳಿತದ ಕೆಲಸಗಳ ಪಟ್ಟಿಯಲ್ಲಿ ಸೇರಿಸಿದೆಯಾದರೂ ಅದನ್ನು ಪುರಸಭೆಗಳ ಕೈಗೆ ಒಪ್ಪಿಸಬೇಕೆಂದು ನಾನು ಹೇಳಲಾರೆ. ಸಣ್ಣ ತಾಲ್ಲೂಕು ಕೇಂದ್ರದ ಠಾಣೆಗೂ ದೊಡ್ಡ ನಗರದ ಠಾಣೆಗೂ ಒಂದೇ ತರಬೇತಿ ಸಿಗುತ್ತಿರುವುದು ರಾಜ್ಯಮಟ್ಟದ ವ್ಯವಸ್ಥೆಯಿಂದಲೇ. ಇಲಾಖೆ ರಾಜ್ಯದ್ದೇ ಆಗಿರಲಿ, ಯೋಜನೆ ಮಾತ್ರ ಜಿಲ್ಲಾ ಅಗ್ನಿಶಾಮಕ ಅಧಿಕಾರಿಯ ಮತ್ತು ಠಾಣಾಧಿಕಾರಿಗಳ ಮೇಜಿನ ಮೇಲೆ ಸಿದ್ಧವಾಗಲಿ ಎಂಬುದು ನನ್ನ ಕೋರಿಕೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲೆಗೊಂದು ಯೋಜನೆ ಇರಲೇಬೇಕು, ಪ್ರತಿ ವರ್ಷ ಅದರ ಪರಿಷ್ಕರಣೆಯೂ ಆಗಬೇಕು. ಆದರೆ ಇಡೀ ಜಿಲ್ಲೆಗೆ ಅನ್ವಯಿಸುವ ಆ ಕಡತ, ರಾತ್ರಿ ಪಾಳಿಯಲ್ಲಿರುವ ಠಾಣಾಧಿಕಾರಿಗೆ ಯಾವ ನಾಲೆಯ ಯಾವ ತಿರುವಿನಲ್ಲಿ ಏನು ಮಾಡಬೇಕೆಂದು ಹೇಳಲಾರದು.

ನಾಲೆಯ ಮಾತನ್ನು ಸುಮ್ಮನೆ ಎತ್ತಿದ್ದಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಪ್ರಾಣ ಬಿಟ್ಟರು. ಮೊದಲು ನೀರಿಗಿಳಿದವರು ಸುತ್ತಲಿನ ಊರಿನ ಜನ. 2023ರಲ್ಲಿಯೂ ಅದೇ ನಾಲೆಗೆ ಕಾರುಗಳು ಬಿದ್ದು ಜೀವಗಳು ಹೋದವು. ಪ್ರತಿ ಸಲವೂ ತಡೆಗೋಡೆಯ ಮಾತು ಬಂತು, ಅದು ಬರಲೇಬೇಕಾದ ಮಾತು. ಅದರ ಜತೆಗೆ ಕೇಳಬೇಕಾದ ಪ್ರಶ್ನೆಗಳು ಬೇರೆಯೂ ಇವೆ: ಹರಿವು ನಿಲ್ಲಿಸಲು ನೀರಾವರಿ ಇಲಾಖೆಯ ಯಾರಿಗೆ ಹೇಳಬೇಕು, ಕ್ರೇನ್ ಎಲ್ಲಿಂದ ಬರುತ್ತದೆ, ಮುಳುಗು ತಜ್ಞರು ಯಾವ ಠಾಣೆಯಲ್ಲಿದ್ದಾರೆ, ಪೊಲೀಸರು, ಅಗ್ನಿಶಾಮಕದವರು, ಕಂದಾಯದವರು ಒಟ್ಟಿಗೆ ಬಂದು ನಿಂತಾಗ ಯಾರ ಮಾತು ನಡೆಯಬೇಕು. ಈಜು ಬಲ್ಲ ಊರ ಯುವಕರಿಗೆ ಹಗ್ಗ, ಲೈಫ್ ಜಾಕೆಟ್ ಕೊಟ್ಟು ತರಬೇತಿ ನೀಡಿದರೆ ಅವರೂ ಈ ಯೋಜನೆಯ ಭಾಗವಾಗುತ್ತಾರೆ.

ಮೈಸೂರಿನ ಅಪಾಯಗಳು ಬೇರೆ ಬಗೆಯವು. 1897ರಲ್ಲಿ ಮರದ ಅರಮನೆ ಸುಟ್ಟುಹೋದದ್ದನ್ನು ಕಂಡ ನಗರವದು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿಯಿತು. ದಸರಾ ಜನಸಂದಣಿ, ಸಂತೆಪೇಟೆಯ ಇಕ್ಕಟ್ಟು ಬೀದಿಗಳು, ಬೇಸಿಗೆಯಲ್ಲಿ ಒಣಗಿ ನಿಲ್ಲುವ ಚಾಮುಂಡಿ ಬೆಟ್ಟದ ಕುರುಚಲು ಕಾಡು ಇವೆಲ್ಲಕ್ಕೂ ಒಂದೇ ಮಾದರಿಯ ವಾಹನ, ಒಂದೇ ಬಗೆಯ ಸಿದ್ಧತೆ ಸಾಲದು.

ಅಗ್ನಿಶಾಮಕ ಸೇವೆಗಳ ಆಧುನೀಕರಣಕ್ಕೆ ಕೇಂದ್ರ ಸರ್ಕಾರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ಘೋಷಿಸಿದೆ. ಆ ಹಣದಲ್ಲಿ ಹೊಸ ವಾಹನಗಳು ಬರಲಿ. ಆದರೆ ಯಾವ ಠಾಣೆಗೆ ಏಣಿ ಬೇಕು, ಯಾವುದಕ್ಕೆ ದೋಣಿ ಬೇಕು, ಯಾವುದಕ್ಕೆ ಗಲ್ಲಿಯೊಳಗೆ ನುಗ್ಗುವ ಸಣ್ಣ ವಾಹನ ಬೇಕು ಎಂಬುದನ್ನು ಖರೀದಿಗೆ ಮೊದಲೇ ಆಯಾ ಠಾಣಾಧಿಕಾರಿಯನ್ನು ಕೇಳಿ ತೀರ್ಮಾನಿಸಬೇಕು. ಆ ಪಟ್ಟಿಯನ್ನು ಗ್ರಾಮಸಭೆಯಲ್ಲೂ ವಾರ್ಡ್ ಸಮಿತಿಯಲ್ಲೂ ಓದಿ ಹೇಳಬೇಕು. ವಿಶ್ವೇಶ್ವರಯ್ಯ ನಾಲೆಯ ಉದ್ದಕ್ಕೂ ಇರುವ ಊರುಗಳಿಂದಲೇ ಈ ಕೆಲಸ ಆರಂಭವಾಗಲಿ.