ಸದನದಲ್ಲಿ ಏನು ಮಾಡಿದ್ರಿ ಅಂತ ಯಾಕೆ ಕೇಳಲ್ಲ?

ನಮ್ಮ ಹಾಸನದ ಕಡೆ ಶಾಸಕರು ಹೇಗೆ ಅಂತ ಯಾರನ್ನಾದರೂ ಕೇಳಿ. ರಸ್ತೆ ಮಾಡಿಸಿದ್ದಾರೆ, ಸಮುದಾಯ ಭವನಕ್ಕೆ ದುಡ್ಡು ಕೊಟ್ಟಿದ್ದಾರೆ, ಮದುವೆಗೆ ಬಂದಿದ್ರು, ಫೋನ್ ಎತ್ತುತ್ತಾರೆ. ಇಷ್ಟೇ ಉತ್ತರ. ಬೆಂಗಳೂರಲ್ಲಿ, ಬೆಳಗಾವಿಯಲ್ಲಿ ಸದನದೊಳಗೆ ಕೂತು ಏನು ಮಾಡಿದರು ಅನ್ನೋ ಮಾತೇ ಬರುವುದಿಲ್ಲ.

ನಾನಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಪಕ್ಕ. ಇಲ್ಲಿನ ರಾಜಧಾನಿ ಒಲಿಂಪಿಯಾ. ರಾಜ್ಯದಲ್ಲಿ 49 ಕ್ಷೇತ್ರ, ಪ್ರತಿ ಕ್ಷೇತ್ರಕ್ಕೆ ಒಬ್ಬ ಸೆನೆಟರ್, ಇಬ್ಬರು ಪ್ರತಿನಿಧಿಗಳು. ಅಧಿವೇಶನ ಜನವರಿಯಲ್ಲಿ ಶುರು. ಒಂದು ವರ್ಷ 105 ದಿನ, ಮುಂದಿನ ವರ್ಷ 60 ದಿನ. ಅದು ಮುಗಿದ ಮೇಲೆ ಬಹಳ ಜನ ಊರಿಗೆ ಹೋಗಿ ತಮ್ಮ ತಮ್ಮ ಬೇರೆ ಕೆಲಸ ನೋಡಿಕೊಳ್ಳುತ್ತಾರೆ.

ಅಧಿವೇಶನ ನಡೆಯುತ್ತಿರುವಾಗಲೇ ಪ್ರತಿನಿಧಿಗಳ ಇಮೇಲ್ ಬರುತ್ತವೆ. ಒಲಿಂಪಿಯಾದಲ್ಲಿ ಈ ವಾರ ಏನಾಯಿತು, ನಮ್ಮ ಜಿಲ್ಲೆಗೆ ಏನು ಬಂತು, ನಾನು ತಂದ ಮಸೂದೆ ಎಲ್ಲಿಗೆ ಬಂದು ನಿಂತಿದೆ, ಇಂಥವು. ತಮ್ಮನ್ನು ತಾವೇ ಹೊಗಳಿಕೊಳ್ಳುವುದೂ ಅದರಲ್ಲಿ ಜಾಸ್ತಿ ಇರುತ್ತದೆ, ಸತ್ತುಹೋದ ಮಸೂದೆಗಳ ಸುದ್ದಿ ಕಮ್ಮಿ. ಆದರೆ ಮತ ಹೇಗೆ ಹಾಕಿದೆ ಅನ್ನೋದನ್ನು ಮಾತ್ರ ಮುಚ್ಚಿಡಲು ಆಗುವುದಿಲ್ಲ. ಯಾವುದೇ ಮಸೂದೆ ಕೊನೆಯ ಹಂತದಲ್ಲಿ ಪಾಸಾಗಬೇಕಾದರೆ ಒಬ್ಬೊಬ್ಬರ ಹೆಸರಿನಲ್ಲಿ ಹೌದು, ಇಲ್ಲ ದಾಖಲಾಗಲೇಬೇಕು ಅಂತ ಈ ರಾಜ್ಯದ ಸಂವಿಧಾನವೇ ಹೇಳುತ್ತದೆ.

ಹೀಗೆ ಹೆಸರಿನಲ್ಲಿ ಮತ ದಾಖಲಾಗುವುದು ಎಷ್ಟು ಮುಖ್ಯ ಅಂತ 2025ರಲ್ಲಿ ಕಣ್ಣಾರೆ ಕಂಡೆ. ಬಜೆಟ್‌ನಲ್ಲಿ ದೊಡ್ಡ ಕೊರತೆ. ಪೆಟ್ರೋಲ್ ಮೇಲಿನ ರಾಜ್ಯ ತೆರಿಗೆ ಗ್ಯಾಲನ್ನಿಗೆ 49.4 ಸೆಂಟ್ ಇದ್ದದ್ದು 55.4 ಆಯಿತು. ಜನರಿಗೆ ಬೇಕಾದಂತೆ ಮಾಡಿಕೊಡುವ ಸಾಫ್ಟ್‌ವೇರ್, ವೆಬ್‌ಸೈಟ್ ಕೆಲಸಕ್ಕೂ ಅಕ್ಟೋಬರ್‌ನಿಂದ ಮಾರಾಟ ತೆರಿಗೆ ಬಂತು, ಅದಂತೂ ಇಲ್ಲಿನ ನಮ್ಮ ಕನ್ನಡದವರ ಮನೆಮನೆಯ ಮಾತಾಯಿತು. ಅದೇ ಅಧಿವೇಶನದಲ್ಲಿ ಮನೆ ಬಾಡಿಗೆಗೂ ಮಿತಿ ಹಾಕಿದರು. ವರ್ಷಕ್ಕೆ ಬೆಲೆಯೇರಿಕೆ ದರದ ಮೇಲೆ ಶೇಕಡ 7, ಇಲ್ಲವೇ ಒಟ್ಟು ಶೇಕಡ 10, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಏರಿಸುವಂತಿಲ್ಲ.

ಆಗ ಒಂದು ಶನಿವಾರ ಶಾಲೆಯ ಹಾಲ್‌ನಲ್ಲಿ ಸಭೆ. ನಮ್ಮ ಕ್ಷೇತ್ರದ ಸೆನೆಟರ್, ಪ್ರತಿನಿಧಿಗಳು ಮೂವರೂ ಬಂದಿದ್ದರು. ಬಾಗಿಲಲ್ಲೇ ಸಣ್ಣ ಕಾರ್ಡ್ ಕೊಡುತ್ತಾರೆ, ಪ್ರಶ್ನೆ ಬರೆದು ಕೊಡಬೇಕು. ಬಾಡಿಗೆ ಮನೆಯಲ್ಲಿರುವ ವಯಸ್ಸಾದ ಹೆಂಗಸೊಬ್ಬರು ತಮ್ಮ ಬಾಡಿಗೆ ಕಾಗದ ಹಿಡಿದುಕೊಂಡೇ ಬಂದಿದ್ದರು. ಅವರ ಹಿಂದಿನ ಸಾಲಿನಲ್ಲೇ ಎರಡು ಮನೆ ಬಾಡಿಗೆಗೆ ಕೊಟ್ಟಿರುವ ಒಬ್ಬರು ಎದ್ದು, ಆಸ್ತಿ ತೆರಿಗೆ ಏರುತ್ತಲೇ ಇದೆ, ನಾನೇನು ಮಾಡಲಿ ಅಂದರು. ಪ್ರತಿನಿಧಿಯೊಬ್ಬರು ಈ ಇಬ್ಬರ ಎದುರಿಗೇ ತಮ್ಮ ನಿಲುವು ಹೇಳಬೇಕಾಯಿತು. ಒಬ್ಬರಿಗೆ ಸಮಾಧಾನ, ಇನ್ನೊಬ್ಬರಿಗೆ ಸಿಟ್ಟು. ಹಾಗೆ ಎದುರಿಗೆ ನಿಂತು ಹೇಳುವುದು ನನಗೆ ತುಂಬ ಹಿಡಿಸಿತು.

ಇನ್ನು ನಮ್ಮ ಕಡೆ ನೋಡಿ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಸಂಬಳದ ಮಸೂದೆ ಪಾಸಾಯಿತು. ಮುಖ್ಯಮಂತ್ರಿಗಳ ಸಂಬಳ 75 ಸಾವಿರದಿಂದ ಒಂದೂವರೆ ಲಕ್ಷ, ಶಾಸಕರದ್ದು 40 ಸಾವಿರದಿಂದ 80 ಸಾವಿರ. ಸದನದಲ್ಲಿ ಗದ್ದಲ, ಚರ್ಚೆಯೇ ಇಲ್ಲ. ಅದೇ ದಿನ 18 ಬಿಜೆಪಿ ಶಾಸಕರ ಅಮಾನತು ಬೇರೆ. ಸಂಬಳ ಏರಿಸಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ತಮ್ಮ ಸಂಬಳ ತಾವೇ ಹೀಗೆ ಏರಿಸಿಕೊಳ್ಳುವುದು ಸರಿಯಾ? ವಾಷಿಂಗ್ಟನ್‌ನಲ್ಲಿ ಆ ಅಧಿಕಾರ ಶಾಸಕರಿಗಿಲ್ಲ. ಅದಕ್ಕೊಂದು ನಾಗರಿಕರ ಆಯೋಗ ಇದೆ, ಅದರ ಅರ್ಧಕ್ಕಿಂತ ಹೆಚ್ಚು ಜನರನ್ನು ಮತದಾರರ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ.

ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಅಂತ ಕರ್ನಾಟಕದಲ್ಲಿ 2005ರ ಕಾಯ್ದೆಯೇ ಇದೆ. ಅಷ್ಟು ದಿನ ಸೇರುವುದು ಅಪರೂಪ.

ಹಾಗಂತ ಇಲ್ಲಿನದೆಲ್ಲ ಚಿನ್ನ, ನಮ್ಮದೆಲ್ಲ ತಗಡು ಅಂತಲ್ಲ. ಬೆಳಿಗ್ಗೆ ಏಳಕ್ಕೆ ಆಸ್ಪತ್ರೆ ಕಾಗದ ಹಿಡಿದುಕೊಂಡು ಶಾಸಕರ ಮನೆ ಮುಂದೆ ನಿಂತರೆ ಮಾತಾಡಿಸಿ, ಅಲ್ಲೇ ಡಾಕ್ಟರಿಗೆ ಫೋನ್ ಹಚ್ಚುವ ಶಾಸಕರು ನಮ್ಮಲ್ಲಿದ್ದಾರೆ. ಅಷ್ಟು ಹತ್ತಿರದ ನಂಟು ಇಲ್ಲಿಲ್ಲ. ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಗೆ ನಮ್ಮ ಶಾಸಕರೇ ಅಧ್ಯಕ್ಷರು, ತಾಲ್ಲೂಕಿನ ಇಲಾಖೆಗಳ ಕೆಲಸ ಪರಿಶೀಲಿಸುವ ಕೆಡಿಪಿ ಸಭೆ ನಡೆಸುವುದೂ ಅವರೇ. ಶಾಸಕರು ಒಂದು ಮಾತು ಹೇಳದೆ ತಾಲ್ಲೂಕು ಕಚೇರಿಯಲ್ಲಿ ಫೈಲ್ ಅಲುಗಾಡುವುದಿಲ್ಲ ಅಂದಾಗ ಜನ ಇನ್ನೇನು ನೋಡಿ ಅಳೆಯಬೇಕು? ಫೈಲು ತಾನಾಗಿ ಓಡಾಡುವ ಹಾಗಿದ್ದರೆ ಶಾಸಕರಿಗೂ ಸದನದ ಕೆಲಸಕ್ಕೆ ಪುರುಸೊತ್ತು ಸಿಗುತ್ತಿತ್ತು.

ಸದನದ ಕೆಲಸ ನೋಡಿ ಅಳೆಯದಿರುವುದಕ್ಕೆ ಇನ್ನೊಂದು ಕಾರಣ ವಿಪ್, ಅಂದರೆ ಹೀಗೇ ಮತ ಹಾಕಬೇಕು ಅನ್ನುವ ಪಕ್ಷದ ಆದೇಶ. ಪಕ್ಷಾಂತರ ನಿಷೇಧ ಕಾನೂನು 1985ರಲ್ಲಿ ಬಂದ ಮೇಲೆ ಪಕ್ಷ ವಿಪ್ ಕೊಟ್ಟರೆ ಅದರ ವಿರುದ್ಧ ಮತ ಹಾಕಿದವರ ಸ್ಥಾನಕ್ಕೇ ಕುತ್ತು. ಮೇಲಾಗಿ ಮಸೂದೆಗಳೆಲ್ಲ ಹೆಚ್ಚಾಗಿ ಧ್ವನಿಮತದಲ್ಲೇ, ಅಂದರೆ ಎಲ್ಲರೂ ಒಟ್ಟಿಗೆ ಕೂಗಿ ಹೇಳುವುದರಲ್ಲೇ ಪಾಸು. ಯಾರು ಹೌದು ಅಂದರು, ಯಾರು ಸುಮ್ನೆ ಕೂತಿದ್ದರು, ದಾಖಲೆಯೇ ಇರುವುದಿಲ್ಲ.

ಆದರೆ ಪ್ರಶ್ನೆ ಕೇಳುವುದಕ್ಕೆ ಯಾವ ವಿಪ್ಪೂ ಇಲ್ಲ ಅಲ್ವಾ? ಸದನದಲ್ಲೇ ಬಾಯಿಮಾತಿನ ಉತ್ತರ ಬೇಡುವ ಚುಕ್ಕೆ ಗುರುತಿನ ಪ್ರಶ್ನೆ, ಬರಹದ ಉತ್ತರ ಬೇಡುವ ಚುಕ್ಕೆ ಇಲ್ಲದ ಪ್ರಶ್ನೆ, ಗಮನ ಸೆಳೆಯುವ ಸೂಚನೆ, ಎಲ್ಲ ಶಾಸಕರ ಕೈಯಲ್ಲೇ ಇದೆ. ಮಂತ್ರಿಗಳ ಉತ್ತರ ಕನ್ನಡದಲ್ಲೇ ವಿಧಾನಸಭೆಯ ವೆಬ್‌ಸೈಟಿಗೆ ಬರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟು ಹುದ್ದೆ ಖಾಲಿ, ಯಾವ ಕೆರೆಗೆ ಎಷ್ಟು ಅನುದಾನ, ಯಾವ ಶಾಲೆಗೆ ಕೊಠಡಿ ಇಲ್ಲ ಅನ್ನುವಂಥದ್ದನ್ನು ಮಂತ್ರಿ ಬರವಣಿಗೆಯಲ್ಲಿ ಒಪ್ಪಿಕೊಂಡ ಕಾಗದ ಅದು. ಅಧಿಕಾರಿ ಮುಂದೆ ಇಟ್ಟರೆ ತೂಕ ಬರುತ್ತದೆ. ಊರಲ್ಲಿ ಅದನ್ನು ಓದಿದವರನ್ನು ನಾನು ನೋಡಿಲ್ಲ, ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಊರಲ್ಲಿರುವ ನಮ್ಮವರಿಗೆ ನನ್ನದೊಂದು ಮಾತು. ಮುಂದಿನ ಅಧಿವೇಶನ ಮುಗಿಸಿ ಶಾಸಕರು ಬಂದಾಗ ರಸ್ತೆಯ ಅರ್ಜಿ ಕೊಡಿ, ಕೊಡಲೇಬೇಕು. ಜೊತೆಗೆ, ನಮ್ಮ ತಾಲ್ಲೂಕಿನ ಬಗ್ಗೆ ಏನು ಪ್ರಶ್ನೆ ಕೇಳಿದ್ರಿ ಅಣ್ಣ, ಮಂತ್ರಿಗಳು ಏನಂದ್ರು, ನೀವು ಎಷ್ಟು ದಿನ ಸದನದಲ್ಲಿದ್ರಿ ಅಂತಲೂ ಕೇಳಿ. ಉತ್ತರವನ್ನು ಒಂದು ಪುಟದಲ್ಲಿ ಬರೆಸಿ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಹಾಕಿಸಿ ಅನ್ನಿ. ಅದಕ್ಕೆ ಅನುದಾನವೂ ಬೇಡ, ಗುದ್ದಲಿ ಪೂಜೆಯೂ ಬೇಡ.