ಟೆಂಪ್2 ಯಾರದ್ದು?

"300 ಸೆಕೆಂಡ್ ಬಾಕಿ. 295 ಸೆಕೆಂಡ್ ಬಾಕಿ. 290..." ಮೀಟಿಂಗಲ್ಲಿ ನಮ್ಮ ಸಾರ್ ಹರಾಜು ಕೂಗುವವರ ಹಾಗೆ ಓದಿದರು. ದೊಡ್ಡ ಪರದೆ ಮೇಲೆ ಸರ್ವರ್ ಆಫ್ ಆದಾಗಿನ ಲಾಗ್ ಹಾಕಿಕೊಂಡು, ಎಲ್ಲರ ಎದುರಿಗೆ. ಒಂದು ಸಾಲನ್ನೂ ಬಿಡಲಿಲ್ಲ.

ಡೇಟಾ ಏನೂ ಹೋಗಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಡೇಟಾಬೇಸ್ ತಾನೇ ರಿಕವರಿ ಮಾಡಿಕೊಂಡು ಎದ್ದಿತು. ಆದರೂ ನನಗೆ ರಾತ್ರಿಯಿಂದ ನಿದ್ದೆ ಇಲ್ಲ.

ಆಗಿದ್ದು ಇಷ್ಟೆ. ಕರೆಂಟ್ ಹೋಯ್ತು. ಬ್ಯಾಟರಿ ಆರು ನಿಮಿಷಕ್ಕೆ ಇಳಿದ ಕೂಡಲೇ ಯುಪಿಎಸ್ ಹೋಸ್ಟ್‌ಗೆ, ಅಂದ್ರೆ ವರ್ಚುವಲ್ ಮಷೀನ್‌ಗಳನ್ನೆಲ್ಲ ಹೊತ್ತಿರೋ ಸರ್ವರ್‌ಗೆ, ಹೇಳಿತು. ಹೋಸ್ಟ್ ಶಟ್‌ಡೌನ್ ಶುರು ಮಾಡಿತು. ಲಿಬ್‌ವರ್ಟ್-ಗೆಸ್ಟ್ಸ್ ಸರ್ವಿಸ್ ಎದ್ದು ಒಳಗಿನ ಐದು ಮಷೀನ್‌ಗಳನ್ನ ಒಂದೊಂದಾಗಿ ಆಫ್ ಮಾಡೋಕೆ ಹೊರಟಿತು. ಎಲ್ಲಾ ನಾನೇ ಕೂಡಿಸಿದ್ದು, ಎಲ್ಲಾ ಸರಿಯಾಗೇ ನಡೀತು. ಮೊದಲಿನದು 40 ಸೆಕೆಂಡಿಗೆ ಮಲಗಿತು. ಎರಡನೇದು ಟೆಂಪ್2.

ಶಟ್‌ಡೌನ್ ಅಂದ್ರೆ ಏನು ಗೊತ್ತಲ್ವಾ? ಹೊರಗಿನಿಂದ ಸುಮ್ನೆ ಒಂದು ಪವರ್ ಬಟನ್ ಒತ್ತಿದ ಹಾಗೆ, ಎಸಿಪಿಐ ಸಿಗ್ನಲ್. ಕೇಳಿಸಿಕೊಳ್ಳೋದು ಬಿಡೋದು ಒಳಗಿನ ಓಎಸ್‌ಗೆ ಸೇರಿದ್ದು. ಟೆಂಪ್2ರಲ್ಲಿ ಆ ಸಿಗ್ನಲ್ ಕೇಳಿಸಿಕೊಳ್ಳೋ ಎಸಿಪಿಐಡಿ ಇಲ್ಲ, ಹೋಸ್ಟ್ ಜೊತೆ ಮಾತಾಡೋ ಗೆಸ್ಟ್ ಏಜೆಂಟೂ ಇಲ್ಲ. ಶುದ್ಧ ಕಿವುಡು. ಅದರ ಬಾಗಿಲು ತಟ್ಟಿ ನಮ್ಮ ಸರ್ವಿಸ್ ಐದು ನಿಮಿಷ ನಿಂತಿತು! ಪೂರ್ತಿ 300 ಸೆಕೆಂಡ್! ಹಿಂದೆ ಡೇಟಾಬೇಸ್ ಸಾಲಲ್ಲಿ ಕಾಯ್ತಿದೆ. ಅದರ ಸರದಿ ಬಂದಾಗ ಉಳಿದಿದ್ದು 20 ಸೆಕೆಂಡ್. ಅದಕ್ಕೆ ಬೇಕಿದ್ದು ಒಂದೂವರೆ ನಿಮಿಷ. ಕತ್ತಲೆ.

ಮೀಟಿಂಗಿಗೆ ಬರ್ತೀನಿ. ಅದಕ್ಕೂ ಅರ್ಧ ಗಂಟೆ ಮೊದಲು ಇದೇ ಬಾಯಲ್ಲಿ "ಎಲ್ಲಾ ಕ್ಲೀನಾಗಿ ಆಫ್ ಆಗಿದೆ ಸಾರ್" ಅಂತ ಹೇಳಿದ್ದೆ. ಲಾಗ್ ನೋಡಿರಲಿಲ್ಲ. ಸರ್ವಿಸ್ ಎನೇಬಲ್ ಆಗಿದೆ, ಇನ್ನೇನು ಅಂತ. ಸಾರ್ ಎಣಿಸಿ ಎಣಿಸಿ 5ಕ್ಕೆ ಬಂದು ನಿಲ್ಲಿಸಿದರು. ಕನ್ನಡಕ ತೆಗೆದರು. "ಟೆಂಪ್2 ಯಾರದ್ದು?"

ಯಾರೂ ಮಾತಾಡಲಿಲ್ಲ. ನಾನೂ ಸುತ್ತ ನೋಡಿದೆ, ಯಾರದ್ದಪ್ಪಾ ಅನ್ನೋ ಮುಖ ಮಾಡಿಕೊಂಡು. "ನೋಡಬೇಕು ಸಾರ್" ಅಂದೆ. ಅವರು ಒಂದು ಕ್ಲಿಕ್ ಮಾಡಿದರು. ವಿವರಣೆ ಅಂತ ಇರುವ ಜಾಗದಲ್ಲಿ ನನ್ನ ಹೆಸರು, ಪಕ್ಕದಲ್ಲಿ "ಎರಡು ದಿನಕ್ಕೆ ಮಾತ್ರ". ಎರಡು ವರ್ಷದ ಹಿಂದಿನದು.

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕೆಮ್ಮಲ್ಲ ಅದು.

ಸರಿ, ತಪ್ಪು ನಂದು. ಆದರೆ ಪೂರ್ತಿ ನಂದಾ? ಒಂದೊಂದಾಗಿ ಆಫ್ ಮಾಡು ಅಂತ ಡಿಫಾಲ್ಟ್ ಇಟ್ಟವರು ಯಾರು? ಪ್ಯಾರಲಲ್ ಶಟ್‌ಡೌನ್ ಅಂತ ಒಂದು ಸೆಟ್ಟಿಂಗ್ ಇದೆ, ಡಿಫಾಲ್ಟಾಗಿ ಅದು ಸೊನ್ನೆ, ಅಂದ್ರೆ ಒಂದೊಂದಾಗಿ. ಅದನ್ನ ಐದು ಮಾಡಿದ್ರೆ ಐದೂ ಒಟ್ಟಿಗೆ ಹೋಗ್ತಿದ್ವು, ಕಿವುಡು ಒಂದೇ ಕೂತಿರ್ತಿತ್ತು. ಒಂದು ಮಷೀನ್‌ಗೆ 300 ಸೆಕೆಂಡ್, ಬ್ಯಾಟರಿಗೆ 360 ಅಂತ ಕೂಡಿ ಕಳೆದು ನೋಡಬೇಕಾದವರು ಯಾರು? ನಾನೇ. ಗೊತ್ತು. ಆದರೂ ಯಾರಾದ್ರೂ ಹೇಳಿ, ಉತ್ತರ ಕೊಡದ ಮಷೀನ್‌ಗಾಗಿ ಉಳಿದವರನ್ನೆಲ್ಲ ಕಾಯಿಸೋದು ಯಾವ ಸೀಮೆ ನ್ಯಾಯ? ನಿಜವಾಗಿ ಕೇಳ್ತಿದ್ದೀನಿ!

"ಸಸ್ಪೆಂಡ್‌ಗೇ ಬಿಟ್ಟಿದ್ರೆ ಆಗ್ತಿತ್ತಲ್ಲ" ಅಂತ ಒಬ್ಬರು ಬುದ್ಧಿ ಹೇಳಿದರು. ಆಫ್ ಮಾಡದೆ, ಇದ್ದ ಸ್ಥಿತಿಯನ್ನೇ ಡಿಸ್ಕಿಗೆ ಉಳಿಸಿ ನಿಲ್ಲಿಸೋದು. ಸ್ವಾಮಿ, ಡೇಟಾಬೇಸ್ ಮಷೀನ್‌ನ 64 ಜಿಬಿ ರ‍್ಯಾಮ್ ಪೂರ್ತಿ ಡಿಸ್ಕಿಗೆ ಬರೆಯೋ ತನಕ ಬ್ಯಾಟರಿಗೆ ಕಾಯೋಕೆ ಹೇಳೋದು ನೀವಾ? ಎದ್ದ ಮೇಲೆ ಒಳಗಿನ ಗಡಿಯಾರ ನಿನ್ನೆಯದನ್ನೇ ತೋರಿಸ್ತಾ ಕೂತ್ರೆ ಅದಕ್ಕೂ ನನ್ನನ್ನೇ ಕರೀತೀರಲ್ಲ.

ಹೋಗಲಿ ಬಿಡಿ. ಏನು ಮಾಡಿದ್ರೂ ಇಷ್ಟೇ. ಇವತ್ತು ಪ್ಯಾರಲಲ್ ಐದು ಮಾಡಿದೆ, ಕಾಯೋ ಟೈಮ್‌ಔಟ್ 300ರಿಂದ 120 ಸೆಕೆಂಡಿಗೆ ಇಳಿಸಿದೆ. ಪ್ಯಾರಲಲ್ ಹಾಕಿದ್ರೆ ಆ 120 ಎಲ್ಲದಕ್ಕೂ ಸೇರಿ, ಒಂದೊಂದಕ್ಕಲ್ಲ. ಇದನ್ನ ಈ ಸಲ ಓದಿಕೊಂಡೇ ಹಾಕಿದೆ.

ಆಮೇಲೆ ಟೆಂಪ್2 ಅಳಿಸೋಣ ಅಂತ ಹೋದೆ. ಕರೆಂಟ್ ಬಂದಾಗ ಎಲ್ಲರಿಗಿಂತ ಮೊದಲು ಎದ್ದಿದ್ದು ಅದೇ. ಆಟೋಸ್ಟಾರ್ಟ್ ನಾನೇ ಹಾಕಿದ್ದೆ. ಅಳಿಸೋಕೆ ಮುಂಚೆ ಒಳಗೆ ಏನಿದೆ ನೋಡೋಣ ಅಂದ್ರೆ ಪಾಸ್‌ವರ್ಡ್ ನೆನಪಿಲ್ಲ. ಈಗಲೂ ಓಡ್ತಿದೆ.